ಕಬಡ್ಡಿ ಆಟಗಾರನ ಸ್ನಾಯು ನಿಜಕ್ಕೂ ಚೇತರಿಸಿಕೊಂಡಿದೆಯೇ? ಅಂಗಳದಲ್ಲೇ ಅಳೆಯುವ ಬಗೆ

ಅಭ್ಯಾಸಕ್ಕೆ ಬಂದ ಹುಡುಗನನ್ನು ‘ಮೈಕೈ ನೋವು ಹೇಗಿದೆಯೋ?’ ಎಂದು ಕೇಳಿ ನೋಡಿ. ‘ಏನಿಲ್ಲ ಸಾರ್, ಆರಾಮಿದ್ದೀನಿ’ ಎನ್ನುತ್ತಾನೆ. ಅಂಗಳಕ್ಕಿಳಿಯುವ ಏಳು ಜನರ ಪಟ್ಟಿಯಲ್ಲಿ ತನ್ನ ಹೆಸರು ಉಳಿಯಬೇಕು ಎನ್ನುವವನ ಬಾಯಲ್ಲಿ ಬೇರೆ ಉತ್ತರ ಬರುವುದೂ ಇಲ್ಲ. ಅದಕ್ಕೇ ಚೇತರಿಕೆಯ ಲೆಕ್ಕವನ್ನು ಮಾತಿಗಿಂತ ಹೆಚ್ಚಾಗಿ ಸ್ನಾಯು ಮಾಡಿ ತೋರಿಸುವ ಕೆಲಸದಿಂದ ಹಿಡಿಯಬೇಕು. ಅದಕ್ಕೆ ದೊಡ್ಡ ಲ್ಯಾಬ್ ಬೇಕಿಲ್ಲ. ಸೆಕೆಂಡಿಗೆ 240 ಫ್ರೇಮ್ ಸ್ಲೋಮೋಷನ್ ತೆಗೆಯುವ ಒಂದು ಮೊಬೈಲು, ರಬ್ಬರ್ ಉಂಡೆ ಒತ್ತಿ ಗಾಳಿ ತುಂಬುವ ಮುಳ್ಳಿನ ಡಯಲಿನ ಬಿ.ಪಿ. ಉಪಕರಣ, ತೂಕದ ಯಂತ್ರ, ಒಂದು ನೋಟ್‌ಬುಕ್ ಇದ್ದರೆ ತಾಲ್ಲೂಕು ಮಟ್ಟದ ಕ್ಲಬ್ಬೂ ಇದನ್ನು ನಡೆಸಬಹುದು.

ಕಬಡ್ಡಿಯಲ್ಲಿ ಸ್ನಾಯು ದಣಿಯುವ ರೀತಿಯೇ ಬೇರೆ. 30 ಸೆಕೆಂಡಿನ ರೇಡಿನಲ್ಲಿ ರೇಡರ್ ಹತ್ತಾರು ಸಲ ಗಕ್ಕನೆ ನಿಲ್ಲುತ್ತಾನೆ, ತಿರುಗುತ್ತಾನೆ, ಬೋನಸ್ ಗೆರೆಗೆ ಕಾಲು ಚಾಚುತ್ತಾನೆ. ಆಗೆಲ್ಲ ತೊಡೆಯ ಮುಂಭಾಗ, ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್, ತೊಡೆಸಂದು ಭಾರ ಹೊತ್ತುಕೊಂಡೇ ಉದ್ದವಾಗುತ್ತವೆ. ಸ್ನಾಯುವಿನ ಎಳೆಗಳಿಗೆ ಅತಿ ಹೆಚ್ಚು ಪೆಟ್ಟು ಕೊಡುವುದು ಈ ಬಗೆಯ ಕೆಲಸವೇ. ಡಿಫೆಂಡರನ ಕಥೆ ಹಿಡಿತದ್ದು: ತೊಡೆ ಹಿಡಿತ, ಪಾದದ ಗಂಟಿನ ಹಿಡಿತ, ಮೈಯಿಂದ ಗುದ್ದಿ ರೇಡರನ್ನು ಅಂಗಳದಾಚೆ ತಳ್ಳುವ ಡ್ಯಾಶ್, ಅದರ ಜೊತೆಗೆ ಮೈಗೆ ಮೈ ಬಡಿದ ಜಜ್ಜುಗಾಯ. ನೋವು ಅದೇ ದಿನ ಪೂರ್ತಿ ಕಾಣುವುದಿಲ್ಲ. ಮಾರನೆಯ ದಿನದಿಂದ ಏರುತ್ತಾ 24ರಿಂದ 72 ಗಂಟೆಗಳ ನಡುವೆ ತುದಿ ಮುಟ್ಟುತ್ತದೆ. ಶಕ್ತಿ ಮಾತ್ರ ಪಂದ್ಯ ಮುಗಿದ ಕೂಡಲೇ ಕುಸಿದಿರುತ್ತದೆ. ಕೆಲವರಲ್ಲಿ ನೋವು ಹೋದ ಮೇಲೂ ಶಕ್ತಿ ಮರಳಿರುವುದಿಲ್ಲ, ಕೆಲವರಲ್ಲಿ ನೋವಿದ್ದರೂ ಜಿಗಿತ ಮಾಮೂಲಿಯಾಗಿರುತ್ತದೆ. ಆದ್ದರಿಂದ ಎರಡನ್ನೂ ಬೇರೆ ಬೇರೆಯಾಗಿ ಬರೆದಿಡಬೇಕು.

ಮೊದಲು ಅವನವನ ಮಾಮೂಲಿ ಅಂಕೆ

ಒಬ್ಬನ ಅಂಕೆಯನ್ನು ಇನ್ನೊಬ್ಬನದಕ್ಕೆ ಹೋಲಿಸಿದರೆ ಏನೂ ತಿಳಿಯುವುದಿಲ್ಲ. ನಿಂತಲ್ಲಿಂದ ಮೇಲಕ್ಕೆ 32 ಸೆಂ.ಮೀ. ಜಿಗಿಯುವ ಕಾರ್ನರ್ ಡಿಫೆಂಡರ್ ಪೂರ್ತಿ ತಾಜಾ ಇರಬಹುದು, 38 ಜಿಗಿಯುವ ರೇಡರ್ ಅರ್ಧ ದಣಿದಿರಬಹುದು. ಋತು ಆರಂಭವಾಗುವ ಮೊದಲು ಎರಡು ವಾರದಲ್ಲಿ ಕನಿಷ್ಠ ಆರು ಸಲ, ಹಿಂದಿನ ದಿನ ಹಗುರ ಅಭ್ಯಾಸ ಅಥವಾ ರಜೆ ಇದ್ದಾಗ, ಒಂದೇ ಹೊತ್ತಿಗೆ, ಮುಂದೆ ಹೇಳುವ ಅಳತೆಗಳನ್ನು ತೆಗೆಯಿರಿ. ಬೆಳಿಗ್ಗೆ ಆರಕ್ಕೆ ಅಳೆದದ್ದನ್ನು ಸಂಜೆ ಐದರ ಅಳತೆಯ ಪಕ್ಕ ಇಡಬೇಡಿ. ಸಂಜೆ ಮೈ ಬಿಸಿಯಾಗಿರುವುದರಿಂದ ಜಿಗಿತ ತಾನಾಗಿಯೇ ಹೆಚ್ಚಿರುತ್ತದೆ.

ಉದಾಹರಣೆಗೆ ಒಬ್ಬನ ಆರು ದಿನದ ಜಿಗಿತ 37.1, 35.2, 36.4, 34.9, 36.8, 35.6 ಸೆಂ.ಮೀ. ಎಂದುಕೊಳ್ಳಿ. ಸರಾಸರಿ 36.0. ಸ್ಪ್ರೆಡ್‌ಶೀಟಿನಲ್ಲಿ ಸ್ಟ್ಯಾಂಡರ್ಡ್ ಡೀವಿಯೇಷನ್ ಹಾಕಿದರೆ 0.9 ಬರುತ್ತದೆ. ಅಂದರೆ ಏನೂ ಆಗದಿದ್ದರೂ ಇವನ ಅಂಕೆ ಸುಮಾರು ಒಂದು ಸೆಂ.ಮೀ. ಅತ್ತಿತ್ತ ಆಡುತ್ತದೆ. 35.1ರವರೆಗೆ ಇಳಿದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಅಲ್ಲಿಂದ 34.2ರ ತನಕ ಕಣ್ಣಿಡಿ. ಅದಕ್ಕಿಂತ ಕೆಳಗೆ ಹೋದರೆ, ಅಂದರೆ ಸರಾಸರಿಗಿಂತ ಎರಡು ಡೀವಿಯೇಷನ್ ಇಳಿದರೆ, ಅದು ನಿಜವಾದ ಇಳಿಕೆ. ಈ ಹೆಜ್ಜೆಯನ್ನು ಬಿಟ್ಟು ನೇರವಾಗಿ ಅಳತೆಗೆ ಇಳಿಯುವ ತಂಡಗಳೇ ಹೆಚ್ಚು. ತಿಂಗಳೊಳಗೆ ನೋಟ್‌ಬುಕ್ ಮೂಲೆ ಸೇರುವುದೂ ಇದರಿಂದಲೇ: ಅಂಕೆ ಇದೆ, ಆದರೆ ಅದು ಒಳ್ಳೆಯದೋ ಕೆಟ್ಟದ್ದೋ ಯಾರಿಗೂ ಗೊತ್ತಿಲ್ಲ.

ಬೆಳಗಿನ ನಾಲ್ಕು ಪ್ರಶ್ನೆ

ನಿದ್ದೆ, ಸುಸ್ತು, ಸ್ನಾಯು ನೋವು, ಮನಸ್ಸಿನ ಒತ್ತಡ. ಒಂದೊಂದಕ್ಕೂ 1ರಿಂದ 7ರ ಅಂಕ. 1 ಅಂದರೆ ತುಂಬಾ ಚೆನ್ನಾಗಿದೆ, 7 ಅಂದರೆ ತೀರಾ ಕೆಟ್ಟಿದೆ. ನಾಲ್ಕನ್ನೂ ಕೂಡಿದರೆ 4ರಿಂದ 28ರೊಳಗಿನ ಒಂದು ಅಂಕೆ ಸಿಗುತ್ತದೆ. ಇದಕ್ಕೂ ಅವನವನ ಸರಾಸರಿಯೇ ಆಧಾರ.

ಅಂಕಕ್ಕಿಂತ ಬೆಲೆಬಾಳುವುದು ನೋವಿನ ಜಾಗ. ಮನುಷ್ಯಾಕೃತಿಯ ಒಂದು ಗೆರೆಚಿತ್ರ ಕೊಟ್ಟು, ನೋಯುವ ಕಡೆ ಗುರುತು ಹಾಕಿಸಿ. ಎರಡೂ ತೊಡೆ ಹರಡಿಕೊಂಡಂತೆ ಮಂದವಾಗಿ ನೋಯುತ್ತಿದ್ದು, ಓಡಾಡಿದಂತೆ ಸಡಿಲವಾಗುತ್ತಿದ್ದರೆ ಅದು ಅಭ್ಯಾಸದ ನೋವು. ಒಂದೇ ಕಾಲಿನಲ್ಲಿ, ಬೆರಳಿಟ್ಟು ತೋರಿಸುವಷ್ಟು ಒಂದೇ ಜಾಗದಲ್ಲಿ, ಓಡಿದಷ್ಟೂ ಹೆಚ್ಚಾಗುವ ನೋವಿದ್ದರೆ ಅದನ್ನು ಗಾಯ ಎಂದೇ ಇಟ್ಟುಕೊಂಡು ಫಿಸಿಯೊ ಬಳಿ ಕಳಿಸಿ. ಅಲ್ಲಿ ಚೇತರಿಕೆಯ ಲೆಕ್ಕ ಹಾಕುತ್ತಾ ಕೂರಬೇಡಿ.

ಪ್ರಶ್ನೆ ಕೇಳಬೇಕಾದದ್ದು ಎದ್ದ ಅರ್ಧ ಗಂಟೆಯೊಳಗೆ, ಮೊಬೈಲಿನಲ್ಲಿ, ಒಬ್ಬೊಬ್ಬರಿಗೇ. ಸಾಲಾಗಿ ನಿಲ್ಲಿಸಿ ಎಲ್ಲರೆದುರು ಕೇಳಿದರೆ ಮೊದಲನೆಯವನು ಹೇಳಿದ ಅಂಕವನ್ನೇ ಉಳಿದವರೂ ಹೇಳುತ್ತಾರೆ. ಇನ್ನೊಂದು ಮಾತು: ಈ ಅಂಕ ನೋಡಿ ಒಮ್ಮೆ ಯಾರನ್ನಾದರೂ ತಂಡದಿಂದ ಕೈಬಿಟ್ಟಿರೋ, ಮರುದಿನದಿಂದ ಇಡೀ ತಂಡಕ್ಕೆ 1, 1, 1, 1. ಅಭ್ಯಾಸದ ಭಾರ ತಗ್ಗಿಸುವುದಕ್ಕಷ್ಟೇ ಇದನ್ನು ಬಳಸುತ್ತೇವೆ ಎಂದು ಮೊದಲೇ ಹೇಳಿ, ಹಾಗೆಯೇ ನಡೆದುಕೊಳ್ಳಿ.

ಜಿಗಿತ: ಮೊಬೈಲಿನಲ್ಲಿ ಅಳೆಯುವುದು

ಕಾಲಿನ ಸ್ನಾಯುಗಳ ಸ್ಥಿತಿ ತಿಳಿಯಲು ಅಂಗಳದಲ್ಲಿ ಇದಕ್ಕಿಂತ ಸುಲಭದ ದಾರಿ ಇಲ್ಲ. ಗಾಳಿಯಲ್ಲಿದ್ದ ಸಮಯ ಗೊತ್ತಾದರೆ ಎತ್ತರ ಗೊತ್ತಾಗುತ್ತದೆ. 240 ಫ್ರೇಮ್ ವಿಡಿಯೊ ಆದರೆ ಲೆಕ್ಕ ಇಷ್ಟೇ: ಕಾಲು ನೆಲ ಬಿಟ್ಟ ಫ್ರೇಮಿನಿಂದ ಮತ್ತೆ ನೆಲ ಮುಟ್ಟಿದ ಫ್ರೇಮಿನವರೆಗೆ ಎಣಿಸಿ, ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 0.00213ರಿಂದ ಗುಣಿಸಿ. ಉತ್ತರ ಸೆಂ.ಮೀ.ನಲ್ಲಿ ಸಿಗುತ್ತದೆ. 130 ಫ್ರೇಮ್ ಅಂದರೆ 36.0 ಸೆಂ.ಮೀ., 124 ಫ್ರೇಮ್ ಅಂದರೆ 32.7. ಆರು ಫ್ರೇಮಿನ ಕೊರತೆ ಶೇ 9ರಷ್ಟು ಇಳಿಕೆಯಾಗಿ ನಿಂತಿತು.

ಈ ಎತ್ತರದಲ್ಲಿ ಒಂದು ಫ್ರೇಮ್ ತಪ್ಪಿ ಎಣಿಸಿದರೆ 240ರ ವಿಡಿಯೊದಲ್ಲಿ ಸುಮಾರು ಅರ್ಧ ಸೆಂ.ಮೀ. ವ್ಯತ್ಯಾಸ. 120ರಲ್ಲಿ ಒಂದಕ್ಕಿಂತ ತುಸು ಹೆಚ್ಚು. 60ರಲ್ಲಿ ಎರಡಕ್ಕೂ ಮಿಕ್ಕಿ. ಸಾಮಾನ್ಯ 30 ಫ್ರೇಮ್ ವಿಡಿಯೊದಲ್ಲಿ ನಾಲ್ಕೂವರೆಯ ಹತ್ತಿರ. ನಾವು ಹುಡುಕುತ್ತಿರುವುದೇ ಎರಡು ಮೂರು ಸೆಂ.ಮೀ. ಇಳಿಕೆಯನ್ನು, ಹಾಗಾಗಿ ಕೊನೆಯ ಎರಡೂ ಬೇಡ. ಕೆಲವು ಮೊಬೈಲುಗಳು 240 ಎಂದು ತೋರಿಸಿಕೊಂಡು ಒಳಗೆ ಕಡಿಮೆ ಫ್ರೇಮ್ ತೆಗೆದು ನಡುವೆ ತಾವೇ ತುಂಬಿಸಿರುತ್ತವೆ. ಪರೀಕ್ಷಿಸಲು ಇನ್ನೊಂದು ಮೊಬೈಲಿನ ಸ್ಟಾಪ್‌ವಾಚನ್ನು ಸ್ಲೋಮೋಷನ್‌ನಲ್ಲಿ ಚಿತ್ರಿಸಿ ಎಣಿಸಿ. ಒಂದು ಸೆಕೆಂಡಿಗೆ 240ರ ಆಸುಪಾಸು ಫ್ರೇಮ್ ಸಿಗದಿದ್ದರೆ, ಅಥವಾ ಪಕ್ಕಪಕ್ಕದ ಫ್ರೇಮುಗಳು ಕಲಸಿಕೊಂಡಂತೆ ಕಂಡರೆ, ಆ ಮೊಬೈಲು ಈ ಕೆಲಸಕ್ಕಲ್ಲ.

ಜಿಗಿಸುವ ಕ್ರಮ ಹೀಗಿರಲಿ. ಐದು ನಿಮಿಷ ಹಗುರ ಓಟ, ಕಾಲು ಬೀಸುವುದು, ಅರ್ಧ ಬಲದ ಎರಡು ಜಿಗಿತ. ಆಮೇಲೆ ಕೈಗಳನ್ನು ಸೊಂಟದ ಮೇಲಿಟ್ಟು, ತಟ್ಟನೆ ಮೊಣಕಾಲು ಮಡಿಸಿ ಕುಗ್ಗಿ, ನಿಲ್ಲದೆ ಮೇಲಕ್ಕೆ ಹಾರುವುದು. ಮೂರು ಜಿಗಿತ, ನಡುವೆ 30 ಸೆಕೆಂಡ್ ಬಿಡುವು, ಮೂರರ ಸರಾಸರಿ. ಮೊಬೈಲು ನೆಲಮಟ್ಟದಲ್ಲಿ, ಪಾದಗಳಿಂದ ಒಂದೂವರೆ ಮೀಟರ್ ದೂರದಲ್ಲಿ, ಅಲುಗಾಡದಂತೆ ಇರಬೇಕು. ಮಣ್ಣಿನ ಅಂಗಳದಲ್ಲಿ ಒಂದು ದಿನ, ಮ್ಯಾಟಿನ ಮೇಲೆ ಇನ್ನೊಂದು ದಿನ ಬೇಡ. ಸಿಮೆಂಟಿನ ಜಗುಲಿಯೊಂದನ್ನು ಗೊತ್ತುಮಾಡಿಕೊಂಡು, ಒಂದೇ ಜೋಡಿ ಶೂನಲ್ಲಿ ಜಿಗಿಸಿ.

ಇಲ್ಲಿ ನಡೆಯುವ ಮುಖ್ಯ ಎಡವಟ್ಟು ಇಳಿಯುವಾಗಿನದು. ಗಾಳಿಯಲ್ಲೇ ಮೊಣಕಾಲು ಮಡಿಸಿಕೊಂಡರೆ ಪಾದ ತಡವಾಗಿ ನೆಲ ಮುಟ್ಟುತ್ತದೆ, ಎತ್ತರ ಸುಳ್ಳಾಗಿ ಏರುತ್ತದೆ. ಕಾಲು ನೆಟ್ಟಗಿಟ್ಟು ತುದಿಗಾಲಿನಲ್ಲಿ ಇಳಿಯಬೇಕು, ನೆಲ ಮುಟ್ಟಿದ ಮೇಲಷ್ಟೇ ಮಡಿಸಬೇಕು. ಮಡಿಸಿಕೊಂಡು ಇಳಿದ ಜಿಗಿತವನ್ನು ಹೊಡೆದುಹಾಕಿ ಮತ್ತೆ ಜಿಗಿಸಿ.

ಅನುಭವಿ ಆಟಗಾರರಲ್ಲಿ ಇನ್ನೊಂದು ಸೂಕ್ಷ್ಮವಿದೆ. ದಣಿದಿದ್ದರೂ ಅವರ ಎತ್ತರ ಇಳಿಯದೇ ಇರಬಹುದು. ಹೆಚ್ಚು ಆಳಕ್ಕೆ ಕುಗ್ಗಿ, ಹೆಚ್ಚು ಹೊತ್ತು ತೆಗೆದುಕೊಂಡು ಅದೇ ಎತ್ತರವನ್ನು ಗಿಟ್ಟಿಸಿಕೊಳ್ಳುತ್ತಾರೆ. ಮೊಬೈಲನ್ನು ಸ್ವಲ್ಪ ಹಿಂದಿಟ್ಟು ಸೊಂಟವೂ ಕಾಣುವಂತೆ ಚಿತ್ರಿಸಿ, ಕುಗ್ಗಲು ಶುರುಮಾಡಿದ ಫ್ರೇಮಿನಿಂದ ನೆಲ ಬಿಟ್ಟ ಫ್ರೇಮಿನವರೆಗೂ ಎಣಿಸಿ. ಮಾಮೂಲಿ 180 ಫ್ರೇಮ್ ತೆಗೆದುಕೊಳ್ಳುವವನು ಇವತ್ತು 205 ತೆಗೆದುಕೊಂಡು ಅದೇ 36 ಸೆಂ.ಮೀ. ಹಾರಿದ್ದರೆ ಅವನು ತಾಜಾ ಇಲ್ಲ. ರೇಡಿನಲ್ಲಿ ಆ ಹೆಚ್ಚುವರಿ 25 ಫ್ರೇಮ್, ಸೆಕೆಂಡಿನ ಹತ್ತನೇ ಒಂದು ಭಾಗ, ಅವನಿಗೆ ಸಿಗುವುದಿಲ್ಲ. ಅಷ್ಟರಲ್ಲಿ ಕಾರ್ನರಿನವನ ಕೈ ಪಾದಕ್ಕೆ ಬಿದ್ದಿರುತ್ತದೆ.

ತೊಡೆಸಂದು: ಬಿ.ಪಿ. ಪಟ್ಟಿಯ ಒತ್ತು

ಜಿಗಿತ ತೊಡೆಸಂದಿನ ಸುದ್ದಿ ಹೇಳುವುದಿಲ್ಲ. ಪಕ್ಕಕ್ಕೆ ಚಾಚುವ, ತೊಡೆ ಹಿಡಿಯುವ ಈ ಆಟದಲ್ಲಿ ಅದನ್ನು ಬೇರೆಯಾಗಿಯೇ ನೋಡಬೇಕು. ಆಟಗಾರನನ್ನು ಅಂಗಾತ ಮಲಗಿಸಿ. ಮೊಣಕಾಲು ಮಡಿಸಿ ಪಾದ ನೆಲಕ್ಕೂರಲಿ, ತೊಡೆ ನೆಲಕ್ಕೆ ಸುಮಾರು 45 ಡಿಗ್ರಿ ಕೋನದಲ್ಲಿರಲಿ. ಬಿ.ಪಿ. ಪಟ್ಟಿಯನ್ನು ಮೂರು ಮಡಿಕೆ ಮಾಡಿ ಮೊಣಕಾಲುಗಳ ನಡುವೆ ಇಟ್ಟು, ಮುಳ್ಳು 10ಕ್ಕೆ ಬರುವಷ್ಟು ಗಾಳಿ ತುಂಬಿ ತಿರುಪು ಬಿಗಿ ಮಾಡಿ. ಈಗ ಅವನು ನಿಧಾನವಾಗಿ ಬಲ ಏರಿಸುತ್ತಾ ಐದು ಸೆಕೆಂಡ್ ಒತ್ತಲಿ. ಮುಳ್ಳು ಮುಟ್ಟಿದ ಗರಿಷ್ಠ ಅಂಕೆಯನ್ನೂ, ಒತ್ತುವಾಗ ನೋವು 0ರಿಂದ 10ರಲ್ಲಿ ಎಷ್ಟೆಂಬುದನ್ನೂ ಬರೆದುಕೊಳ್ಳಿ. ಮೂರು ಸಲ ಮಾಡಿಸಿ, ಪ್ರತಿ ಸಲದ ನಡುವೆ ಒಂದು ನಿಮಿಷ ಬಿಡಿ, ಹೆಚ್ಚು ಬಂದದ್ದನ್ನು ಇಟ್ಟುಕೊಳ್ಳಿ.

ಮಾಮೂಲಿ 240 ಒತ್ತುವವನು 216ಕ್ಕೆ ಇಳಿದರೆ ಶೇ 10 ಇಳಿಕೆ. ಅವತ್ತು ತೊಡೆ ಹಿಡಿತದ ಅಭ್ಯಾಸ, ಡ್ಯಾಶ್, ಪಕ್ಕದ ಜಿಗಿತ ಬೇಡ. ಅಂಕೆ ಇಳಿಯದೆಯೂ ನೋವು ಮೂರಕ್ಕಿಂತ ಹೆಚ್ಚೆಂದರೆ ಅದೇ ಕ್ರಮ. ಎರಡು ದಿನ ಹಾಗೇ ಮುಂದುವರಿದರೆ ಫಿಸಿಯೊಗೆ ತೋರಿಸಿ. ಗುಂಡಿ ಒತ್ತಿದರೆ ತಾನೇ ಗಾಳಿ ತುಂಬಿಕೊಳ್ಳುವ ಡಿಜಿಟಲ್ ಯಂತ್ರ ಇದಕ್ಕೆ ಬರುವುದಿಲ್ಲ. ಮುಳ್ಳಿನ ಡಯಲು 300ಕ್ಕೆ ಮುಗಿಯುತ್ತದೆ. ಬಲಿಷ್ಠರು ಅಲ್ಲಿಗೆ ಮುಟ್ಟಿಸಿದರೆ ಕಾಲು ನೇರ ಚಾಚಿಸಿ, ಪಟ್ಟಿಯನ್ನು ಪಾದದ ಗಂಟುಗಳ ನಡುವೆ ಇಟ್ಟು ಅಳೆಯಿರಿ. ಅಲ್ಲಿ ಅಂಕೆ ಕಡಿಮೆ ಬರುವುದರಿಂದ ಅದಕ್ಕೆ ಬೇರೆ ಕಾಲಂ ಇರಲಿ. ಪಟ್ಟಿ ಸಣ್ಣಗೆ ಸೋರುತ್ತಿದ್ದರೆ ಇಡೀ ತಂಡವೇ ದಣಿದಂತೆ ಕಾಣುತ್ತದೆ. ಗಾಳಿ ತುಂಬಿ ಒಂದು ನಿಮಿಷ ಬಿಟ್ಟು ಮುಳ್ಳು ನಿಂತಲ್ಲೇ ನಿಂತಿದೆಯೇ ಎಂದು ಪ್ರತಿ ಸಲ ನೋಡಿಕೊಳ್ಳಿ.

ಹ್ಯಾಮ್‌ಸ್ಟ್ರಿಂಗ್‌ಗೆಂದು ಒಂಟಿ ಕಾಲಿನ ಬ್ರಿಡ್ಜನ್ನು (ಅಂಗಾತ ಮಲಗಿ, ಒಂದೇ ಕಾಲೂರಿ ಸೊಂಟ ಎತ್ತುವುದು) ಸೋಲುವವರೆಗೆ ಮಾಡಿಸುವ ಪರೀಕ್ಷೆಯೂ ಇದೆ. ಗಾಯದಿಂದ ಮರಳುವವನಿಗೆ ಅದು ಸರಿ. ದಿನವೂ ಮಾಡಿಸಿದರೆ ಪರೀಕ್ಷೆಯೇ ಸ್ನಾಯುವನ್ನು ದಣಿಸುತ್ತದೆ.

ಎಷ್ಟು ಭಾರ ಬಿತ್ತು?

ಇಳಿಕೆ ಕಂಡಾಗ ಕಾರಣ ಹುಡುಕಲು ಭಾರದ ಲೆಕ್ಕ ಬೇಕು. ಅಭ್ಯಾಸ ಮುಗಿದ ಅರ್ಧ ಗಂಟೆಯ ನಂತರ ‘ಇವತ್ತು ಎಷ್ಟು ಕಷ್ಟವಾಯಿತು?’ ಎಂದು 0ರಿಂದ 10ರಲ್ಲಿ ಕೇಳಿ, ನಿಮಿಷಗಳಿಂದ ಗುಣಿಸಿ. 90 ನಿಮಿಷದ ಅಭ್ಯಾಸಕ್ಕೆ 7 ಅಂದರೆ 630. ಮುಗಿದ ತಕ್ಷಣ ಕೇಳಿದರೆ ಕೊನೆಯ ಐದು ನಿಮಿಷದ ಏದುಸಿರೇ ಉತ್ತರ ಕೊಡುತ್ತದೆ.

ವಾರದ ಮೊತ್ತ ಒಂದೇ ಇದ್ದರೂ ಹಂಚಿಕೆ ಮುಖ್ಯ. ಸೋಮವಾರದಿಂದ 400, 630, 300, 600, 250, 520, ಭಾನುವಾರ 0: ಒಟ್ಟು 2700. ಇನ್ನೊಂದು ತಂಡ ಆರು ದಿನವೂ 450, ಭಾನುವಾರ 0: ಅದೂ 2700. ದಿನದ ಸರಾಸರಿಯನ್ನು ಡೀವಿಯೇಷನ್‌ನಿಂದ ಭಾಗಿಸಿದರೆ ಮೊದಲನೆಯದು 1.7, ಎರಡನೆಯದು 2.3. ಇದಕ್ಕೆ ಮೊನಾಟನಿ ಎನ್ನುತ್ತಾರೆ. 2 ದಾಟಿದರೆ ಎಚ್ಚರ ವಹಿಸುವುದು ರೂಢಿ. ಎರಡನೇ ತಂಡಕ್ಕೆ ಕಷ್ಟದ ದಿನವೂ ಇಲ್ಲ, ಸ್ನಾಯು ದುರಸ್ತಿಯಾಗುವ ಹಗುರ ದಿನವೂ ಇಲ್ಲ. ‘ದಿನಾ ಒಂದೇ ಸಮ ಬೆವರಿಳಿಸಬೇಕು’ ಎನ್ನುವ ಕೋಚುಗಳು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ವಾಚು, ನಾಡಿ, ತೂಕ

ಎದ್ದ ಕೂಡಲೇ, ಹಾಸಿಗೆಯಲ್ಲೇ ನಾಡಿ ಎಣಿಸುವುದು ಒಳ್ಳೆಯ ಅಭ್ಯಾಸ. ಮಾಮೂಲಿಗಿಂತ ಏಳೆಂಟು ಬಡಿತ ಹೆಚ್ಚಿದ್ದರೆ ನಿದ್ದೆಗೇಡು, ನೀರಿನ ಕೊರತೆ ಅಥವಾ ಜ್ವರ ಬರುವ ಸೂಚನೆ ಇರಬಹುದು. ವಾಚು ತೋರಿಸುವ ಎಚ್‌ಆರ್‌ವಿಯನ್ನು, ಅಂದರೆ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಅಂತರದ ಏರುಪೇರನ್ನು, ದಿನದ ಲೆಕ್ಕದಲ್ಲಿ ನೋಡಬೇಡಿ, ಏಳು ದಿನದ ಸರಾಸರಿ ಯಾವ ಕಡೆ ಸಾಗುತ್ತಿದೆ ನೋಡಿ. ಅದು ಹೃದಯವನ್ನು ನಡೆಸುವ ನರವ್ಯವಸ್ಥೆಯ ಸಮಾಚಾರ, ತೊಡೆಯದ್ದಲ್ಲ. ವಾಚಿನ ಮೇಲೆ ಹಸಿರು ಬಣ್ಣದಲ್ಲಿ ಶೇ 92 ರಿಕವರಿ ಎಂದಿದ್ದು, ಜಿಗಿತ ಎರಡು ಡೀವಿಯೇಷನ್ ಇಳಿದಿದ್ದರೆ ಜಿಗಿತವನ್ನೇ ನಂಬಿ.

ಅಭ್ಯಾಸದ ಮೊದಲು ಮತ್ತು ನಂತರ ತೂಕ ನೋಡಿ. ಒಂದು ಕಿಲೊ ಇಳಿದಿದ್ದರೆ ಒಂದೂಕಾಲರಿಂದ ಒಂದೂವರೆ ಲೀಟರ್ ನೀರು, ಜೊತೆಗೆ ಉಪ್ಪು, ಕೆಲವು ಗಂಟೆಗಳಲ್ಲಿ ಒಳಹೋಗಬೇಕು. ಪುರುಷರಿಗೆ 85, ಮಹಿಳೆಯರಿಗೆ 75 ಕಿಲೊ ಮಿತಿಯ ಅಂಚಿನಲ್ಲಿರುವವರು ತೂಕ ಕೊಡುವ ಮುನ್ನಾದಿನ ನೀರು ಬಿಡುತ್ತಾರೆ. ಆ ದಿನಗಳ ಅಳತೆಯ ಮುಂದೆ ಗುರುತು ಹಾಕಿ, ಅದನ್ನು ಸ್ನಾಯುವಿನ ದಣಿವೆಂದು ಓದಬೇಡಿ. ಆಟಗಾರ್ತಿಯರ ಪಟ್ಟಿಯಲ್ಲಿ ಮುಟ್ಟಿನ ದಿನಗಳಿಗೂ ಒಂದು ಕಾಲಂ ಇರಲಿ, ಅದನ್ನು ಯಾರು ನೋಡಬೇಕೆಂಬುದನ್ನು ಅವರೇ ತೀರ್ಮಾನಿಸಲಿ.

ರಕ್ತಪರೀಕ್ಷೆಯ ಮಾತು

ಸ್ನಾಯು ಜಖಂ ಆದಾಗ ಕ್ರಿಯೇಟಿನ್ ಕೈನೇಸ್ ಎಂಬ ಕಿಣ್ವ ರಕ್ತಕ್ಕೆ ಸೋರುತ್ತದೆ. ಲ್ಯಾಬಿನ ಚೀಟಿಯಲ್ಲಿ ಅದನ್ನು ಸಿಪಿಕೆ ಎಂದು ಬರೆದಿರುತ್ತಾರೆ. ಇದನ್ನು ವಾರವಾರ ಮಾಡಿಸುವುದು ದುಡ್ಡು ದಂಡ. ಚೀಟಿಯ ಪಕ್ಕ ಅಚ್ಚಾಗಿರುವ ಮಿತಿ, ಸಾಮಾನ್ಯವಾಗಿ ಲೀಟರಿಗೆ 200 ಯೂನಿಟ್‌ನ ಆಸುಪಾಸು, ಕೂತು ಕೆಲಸ ಮಾಡುವವರಿಗೆ ಸರಿ. ಕಠಿಣ ಅಭ್ಯಾಸದಲ್ಲಿರುವ ಪುರುಷ ಕ್ರೀಡಾಪಟುವಿನಲ್ಲಿ ಅದು 1000ದ ಹತ್ತಿರ ಇದ್ದೂ ಅವನು ಚೆನ್ನಾಗಿ ಆಡಬಹುದು. ಮೈಗೆ ಮೈ ಬಡಿಯುವ ಆಟವಾದ್ದರಿಂದ ಬರಿ ಜಜ್ಜುಗಾಯದಿಂದಲೂ ಏರುತ್ತದೆ, ಸೊಂಟಕ್ಕೆ ಹಾಕಿಸಿಕೊಂಡ ಇಂಜೆಕ್ಷನ್ನಿನಿಂದಲೂ ಏರುತ್ತದೆ.

ಇದರ ಬೆನ್ನಿಗೇ ಒಂದು ತಮಾಷೆಯಲ್ಲದ ಎಡವಟ್ಟು ನಡೆಯುತ್ತದೆ. ಎಸ್‌ಜಿಒಟಿ, ಎಸ್‌ಜಿಪಿಟಿ ಎಂಬ ಕಿಣ್ವಗಳು ಯಕೃತ್ತಿನಲ್ಲಷ್ಟೇ ಅಲ್ಲ, ಸ್ನಾಯುವಿನಲ್ಲೂ ಇವೆ. ಪಂದ್ಯ ಮುಗಿದ ಮರುದಿನ ರಕ್ತ ಕೊಟ್ಟರೆ ಎರಡೂ, ಅದರಲ್ಲೂ ಎಸ್‌ಜಿಒಟಿ, ಏರಿರುತ್ತವೆ. ಮನೆಯವರು ಕಾಮಾಲೆ ಎಂದುಕೊಂಡು ನಾಟಿ ಮದ್ದಿಗೆ ಕರೆದೊಯ್ದಾರು. ವೈದ್ಯರಿಗೆ ಹಿಂದಿನ ದಿನದ ಪಂದ್ಯದ ವಿಷಯ ಹೇಳಿ. ಯಕೃತ್ತಿನ ಸ್ಥಿತಿ ಹೇಳುವ ಬಿಲಿರುಬಿನ್, ಜಿಜಿಟಿ ಸರಿಯಿದ್ದು ಸಿಪಿಕೆ ಏರಿದ್ದರೆ ಮೂಲ ಸ್ನಾಯುವಿನಲ್ಲಿದೆ ಎಂಬ ಅನುಮಾನ ಬಲವಾಗುತ್ತದೆ.

ಸಿಪಿಕೆ ತುರ್ತಾಗಿ ಬೇಕಾಗುವ ಸಂದರ್ಭ ಒಂದಿದೆ. ರಜೆ ಮುಗಿಸಿ ಬಂದವನಿಗೆ ಬಿಸಿಲಲ್ಲಿ ನೂರಾರು ಬಸ್ಕಿ ಶಿಕ್ಷೆ ಕೊಟ್ಟ ಒಂದೆರಡು ದಿನದಲ್ಲಿ ತೊಡೆ ಊದಿಕೊಂಡು, ಮುಟ್ಟಿದರೆ ಚೀರುವಷ್ಟು ನೋವಾಗಿ, ಕಾಲು ಎತ್ತಲಾಗದೆ, ಮೂತ್ರ ಕಡು ಚಹಾದ ಅಥವಾ ಕೋಲಾದ ಬಣ್ಣಕ್ಕೆ ತಿರುಗಿದರೆ ಅದು ಮೈಕೈ ನೋವಲ್ಲ, ಸ್ನಾಯು ಕರಗಿ ಮೂತ್ರಪಿಂಡಕ್ಕೆ ಅಪಾಯ ತರುವ ರ‍್ಯಾಬ್ಡೊಮಯೊಲಿಸಿಸ್. ಮಸಾಜು ಬೇಡ, ನೋವಿನ ಮಾತ್ರೆ ಬೇಡ, ಆ ಹೊತ್ತಿಗೇ ಆಸ್ಪತ್ರೆ. ಡೈಕ್ಲೊಫಿನ್ಯಾಕ್‌ನಂಥ ಮಾತ್ರೆ ನೀರು ಬತ್ತಿದ ಮೈಯಲ್ಲಿ ಮೂತ್ರಪಿಂಡಕ್ಕೆ ಇನ್ನಷ್ಟು ಏಟು ಕೊಡುತ್ತದೆ. ಮಾಮೂಲಿ ದಿನಗಳಲ್ಲೂ ಮಾತ್ರೆ ನುಂಗಿ ಬಂದವನ ನೋವಿನ ಅಂಕಕ್ಕೆ ಅರ್ಥವಿಲ್ಲ, ಹಾಗಾಗಿ ‘ಮಾತ್ರೆ ತಗೊಂಡಿದ್ದೀಯಾ?’ ಎಂಬುದು ಬೆಳಗಿನ ಐದನೇ ಪ್ರಶ್ನೆಯಾಗಲಿ. ಮಳೆಗಾಲದಲ್ಲಿ ಆರನೆಯದು ಜ್ವರ. ಡೆಂಗಿ, ವೈರಲ್ ಜ್ವರಗಳು ಸ್ನಾಯುವನ್ನೇ ಹಿಂಡುತ್ತವೆ. ಜ್ವರ ಬಿಟ್ಟ ಮೇಲೂ ಅಳತೆಗಳು ಮಾಮೂಲಿಗೆ ಬರುವ ತನಕ ಅವನು ಪೂರ್ತಿ ಅಭ್ಯಾಸಕ್ಕಿಲ್ಲ.

ಹೊನಲು ಬೆಳಕಿನ ಪಂದ್ಯಾವಳಿಯ ನಂತರದ ವಾರ

ಶನಿವಾರ ರಾತ್ರಿ ಶುರುವಾಗಿ ಭಾನುವಾರ ಬೆಳಗಿನ ಜಾವ ಮುಗಿಯುವ ಪಂದ್ಯಾವಳಿಯಲ್ಲಿ ಫೈನಲ್ ತಲುಪಿದ ತಂಡ 40 ನಿಮಿಷದ ಪಂದ್ಯಗಳನ್ನು ಒಂದರ ಮೇಲೊಂದು ಆಡಿರುತ್ತದೆ. ನಿದ್ದೆಯೂ ಕೆಟ್ಟಿರುತ್ತದೆ.

ಭಾನುವಾರ ಅಳತೆಯೇ ಬೇಡ. ಊಟ, ನೀರು, ನಿದ್ದೆ, ಮೂತ್ರದ ಬಣ್ಣದ ಮೇಲೊಂದು ಕಣ್ಣು. ಸೋಮವಾರ ಪ್ರಶ್ನೆಗಳು ಮತ್ತು ನೋವಿನ ಚಿತ್ರ ಮಾತ್ರ. ಜಿಗಿತ ಹೇಗೂ ಇಳಿದಿರುತ್ತದೆ, ಗೊತ್ತಿರುವುದನ್ನು ಅಳೆದು ಪ್ರಯೋಜನವಿಲ್ಲ. ಮಂಗಳವಾರ, ಸುಮಾರು 48 ಗಂಟೆಯ ಹೊತ್ತಿಗೆ, ಜಿಗಿತ ಮತ್ತು ತೊಡೆಸಂದಿನ ಒತ್ತು ಎರಡನ್ನೂ ತೆಗೆಯಿರಿ. ಎರಡೂ ಮಾಮೂಲಿ ಮಿತಿಯೊಳಗಿದ್ದವರು ಸಂಜೆಯ ಅಭ್ಯಾಸಕ್ಕೆ ಬರಲಿ, ಬೆಳಗಿನ ಪ್ರಶ್ನೆಯಲ್ಲಿ ನೋವಿನ ಅಂಕ 4 ಇದ್ದರೂ ಪರವಾಗಿಲ್ಲ. ಒಂದು ಇಳಿದಿದ್ದರೆ ನಿಮಿಷಗಳನ್ನು ಅರ್ಧಕ್ಕಿಳಿಸಿ, ಮೈ ಮುಟ್ಟುವ ಅಭ್ಯಾಸ ಬಿಟ್ಟು ತಂತ್ರಗಾರಿಕೆ ಮಾಡಿಸಿ. ಎರಡೂ ಇಳಿದಿದ್ದರೆ ನಡಿಗೆ, ಈಜು, ಸೈಕಲ್.

ಗುರುವಾರ ಮತ್ತೆ ಅಳೆಯಿರಿ. ಅಂದಿಗೆ ಜಿಗಿತ ಮರಳಿ, ಒತ್ತು ಮಾತ್ರ ಕೆಳಗೇ ಉಳಿದವನಿಗೆ ನೇರ ಓಟ, ರೇಡಿನ ಮೊದಲ ಹೆಜ್ಜೆಗಳ ಅಭ್ಯಾಸ ಕೊಡಬಹುದು, ತೊಡೆ ಹಿಡಿತ ಕೊಡಬಾರದು. ಒತ್ತು ಸರಿಯಿದ್ದು ಜಿಗಿತ ಕೆಳಗಿದ್ದವನಿಗೆ ಇದರ ತಿರುಗುಮುರುಗು: ಹಿಡಿತದ ಅಭ್ಯಾಸ ಆಗಬಹುದು, ಓಡಿ ಗಕ್ಕನೆ ನಿಲ್ಲುವುದು, ಜಿಗಿಯುವುದು ಬೇಡ. ಐದನೇ ದಿನಕ್ಕೂ ಎರಡೂ ಮರಳದಿದ್ದರೆ ಹಿಂದಿನ ಮೂರು ವಾರದ ಭಾರದ ಪುಟ, ನಿದ್ದೆಯ ಅಂಕ, ಊಟ ಮೂರನ್ನೂ ಮುಂದಿಟ್ಟುಕೊಂಡು ನೋಡಿ, ಮುಂದಿನ ಶನಿವಾರದ ಪಟ್ಟಿಯಲ್ಲಿ ಅವನನ್ನು ಮೊದಲ ಏಳರಲ್ಲಿ ಬರೆಯದೆ ಬದಲಿ ಆಟಗಾರರ ಸಾಲಿನಲ್ಲಿ ಬರೆಯಿರಿ.